ಗ್ರೂಪ್ ಪ್ರಾಜೆಕ್ಟ್‌ಗೆ ಯಾವ ಎಡಿಟಿಂಗ್ ಸಾಫ್ಟ್‌ವೇರ್?

ಪ್ರಶ್ನೆ: ನಾವು ಐದು ಜನ ಡಿಗ್ರಿ ವಿದ್ಯಾರ್ಥಿಗಳು, ಕಾಲೇಜು ಪ್ರಾಜೆಕ್ಟ್‌ಗೆ ಊರ ಕೆರೆಯ ಬಗ್ಗೆ ಹತ್ತು ನಿಮಿಷದ ವಿಡಿಯೊ ಮಾಡಬೇಕು. ಶೂಟಿಂಗ್ ಎಲ್ಲಾ ಮೊಬೈಲ್‌ನಲ್ಲೇ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ. ಡಾವಿಂಚಿ ರಿಸಾಲ್ವ್ ಹಾಕಿಕೊಳ್ಳಿ ಅಂತಾರೆ, ಸರಿನಾ?
– ಓದುಗ, ಹಾಸನ

ಉತ್ತರ: ರಿಸಾಲ್ವ್ ಒಳ್ಳೆಯದೇ, ಉಚಿತ ಆವೃತ್ತಿಯೂ ಇದೆ. ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಭಾರ. 16 ಜಿಬಿ ರ್‍ಯಾಮ್, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಸುಮ್ನೆ ತಲೆನೋವು. ಕೆಡೆನ್‌ಲೈವ್ ಹಾಕಿಕೊಳ್ಳಿ. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ವಾಟರ್‌ಮಾರ್ಕ್ ಕಾಟ ಇಲ್ಲ. ಅದರಲ್ಲಿ ಪ್ರಾಕ್ಸಿ ಆನ್ ಮಾಡಿದರೆ ಪ್ರತಿ ಕ್ಲಿಪ್‌ಗೂ ಲ್ಯಾಪ್‌ಟಾಪ್‌ಗೆ ಹಗುರವಾದ ಒಂದು ಚಿಕ್ಕ ನಕಲು ಮಾಡಿಕೊಳ್ಳುತ್ತದೆ, ನೀವು ಕತ್ತರಿಸಿ ಜೋಡಿಸುವುದು ಆ ನಕಲಿನ ಮೇಲೆ, ಕೊನೆಗೆ ರೆಂಡರ್ ಆಗುವುದು, ಅಂದ್ರೆ ಪೂರ್ತಿ ವಿಡಿಯೊ ಫೈಲ್ ತಯಾರಾಗುವುದು ಮಾತ್ರ ಮೂಲ ವಿಡಿಯೊದಿಂದ.

ಗುಂಪಿನಲ್ಲಿ ಜಗಳ ಶುರುವಾಗುವುದು ಬೇರೆ ಕಡೆ. ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಫೈಲ್ ಒಂದನ್ನೇ ಗೆಳೆಯರಿಗೆ ಕಳಿಸಿದರೆ ಅವರ ಕಡೆ ಕ್ಲಿಪ್‌ಗಳೇ ಕಾಣುವುದಿಲ್ಲ, ಯಾಕಂದ್ರೆ ಅದರೊಳಗೆ ವಿಡಿಯೊ ಇರುವುದಿಲ್ಲ, ಯಾವ ವಿಡಿಯೊ ಎಲ್ಲಿದೆ ಅನ್ನೋ ವಿಳಾಸ ಅಷ್ಟೇ ಇರುತ್ತದೆ. ಆರ್ಕೈವ್ ಪ್ರಾಜೆಕ್ಟ್ ಅನ್ನೋ ಆಯ್ಕೆ ಬಳಸಿ, ಎಲ್ಲವನ್ನೂ ಒಟ್ಟಿಗೆ ಪೆನ್‌ಡ್ರೈವ್‌ಗೆ ಹಾಕಿ. ಮೊಬೈಲ್ ಕ್ಲಿಪ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕ್ವಾಲಿಟಿ ಹೋಯ್ತು ಅಂತಲೇ.

ಕನ್ನಡ ಶೀರ್ಷಿಕೆಗಳನ್ನು ಯೂನಿಕೋಡ್‌ನಲ್ಲೇ, ಅಂದ್ರೆ ಎಲ್ಲಾ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತದಲ್ಲೇ ಟೈಪ್ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಚೆನ್ನಾಗಿದೆ. ಹಳೆ ನುಡಿ ಫಾಂಟ್ ಬಳಸಿದರೆ, ಅದಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಅರ್ಥವಾಗದ ಅಕ್ಷರಗಳು ಬರುತ್ತವೆ. ಎಡಿಟಿಂಗ್ ಮಾತ್ರ ಒಬ್ಬರೇ ಮಾಡಿ, ಉಳಿದವರು ಕ್ಲಿಪ್ ಆರಿಸಿ ಕೊಡಲಿ.