ಸ್ಥಳೀಯ ಸಾರಿಗೆಯ ಸುಧಾರಣೆಗೆಂದು ಪೂರ್ವ ಆಫ್ರಿಕಾಕ್ಕೆ ಹೋಗುವುದರಿಂದ ನಿಜವಾಗಿ ಉಪಯೋಗವಿದೆಯೇ?

ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ರಸ್ತೆ ಕಾಮಗಾರಿಗಳಲ್ಲಿ ದುಡಿದಿರುವ ನೀವು, ಪೂರ್ವ ಆಫ್ರಿಕಾದ ನಗರವೊಂದಕ್ಕೆ ಸ್ವಯಂಸೇವಕರಾಗಿ ಹೋಗಿ ಅಲ್ಲಿನ ಸಾರಿಗೆಯನ್ನು ಸುಧಾರಿಸುವ ಕೆಲಸದಲ್ಲಿ ತೊಡಗಿದರೆ ಅಲ್ಲಿನವರಿಗೆ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ಕೆನ್ಯಾದ ನೈರೋಬಿ ಮತ್ತು ತಾಂಜಾನಿಯಾದ ದಾರ್ ಎಸ್ ಸಲಾಂ ನಗರಗಳಲ್ಲಿ ಇದೇ ಕ್ಷೇತ್ರದ ಸಲಹೆಗಾರನಾಗಿ ಕೆಲಸ ಮಾಡಿದವನು ನಾನು. ಪ್ರಯೋಜನ ಖಂಡಿತ ಇದೆ. ಆದರೆ ರಸ್ತೆ ಕಟ್ಟಬಲ್ಲವರಿಗಿಂತ, ಬಸ್ಸು ಓಡಿಸುವ ವ್ಯವಹಾರದ ಒಳಹೊರಗನ್ನು ಬಲ್ಲವರು ಅಲ್ಲಿ ಹೆಚ್ಚು ಬೇಕಾಗಿದ್ದಾರೆ.

ನಡೆದೇ ಕೆಲಸಕ್ಕೆ ಹೋಗುವವರನ್ನು ಬಿಟ್ಟರೆ ನೈರೋಬಿಯ ಬಹುಪಾಲು ಜನ ನೆಚ್ಚಿರುವುದು ಮಟಾಟು ಎಂದು ಕರೆಯಲಾಗುವ ಖಾಸಗಿ ವ್ಯಾನು ಮತ್ತು ಮಿನಿಬಸ್ಸುಗಳನ್ನು. ಸಾಮಾನ್ಯವಾಗಿ ಮಾಲೀಕನಿಗೆ ದಿನಕ್ಕೆ ಇಷ್ಟೆಂದು ಗೊತ್ತುಪಡಿಸಿದ ಮೊತ್ತವನ್ನು ಸಲ್ಲಿಸಿ, ಇಂಧನದ ಖರ್ಚು ಕಳೆದು ಉಳಿದುದನ್ನು ಚಾಲಕ ಮತ್ತು ನಿರ್ವಾಹಕರು ಹಂಚಿಕೊಳ್ಳುತ್ತಾರೆ. ಸೀಟು ತುಂಬುವವರೆಗೆ ಗಾಡಿ ಹೊರಡದಿರುವುದು, ಮಳೆ ಹನಿಯುತ್ತಿದ್ದಂತೆ ದರ ಏರುವುದು, ಮುಂದೆ ಜನ ಕಡಿಮೆ ಎನ್ನಿಸಿದರೆ ಇದ್ದ ನಾಲ್ವರನ್ನು ನಡುದಾರಿಯಲ್ಲೇ ಇಳಿಸಿ ಹಿಂದಿರುಗುವುದು, ಇವೆಲ್ಲವೂ ಆ ಲೆಕ್ಕಾಚಾರದಿಂದಲೇ ಹುಟ್ಟುವಂಥವು. ಮಂಗಳೂರು, ಉಡುಪಿಗಳ ಖಾಸಗಿ ಬಸ್ಸುಗಳಲ್ಲಿ ಓಡಾಡಿ ಬೆಳೆದವರಿಗೆ ಕಲೆಕ್ಷನ್, ಟೈಮಿಂಗ್, ಹಿಂದಿನ ಬಸ್ಸಿನ ಭಯ ಎಂಬುದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಈ ವಿಷಯದಲ್ಲಿ ಕರಾವಳಿಯ ಹುಡುಗನೊಬ್ಬ ಯೂರೋಪಿನ ತಜ್ಞರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾನೆಂದು ನನಗೆ ಹಲವು ಬಾರಿ ಅನ್ನಿಸಿದೆ. ಕೆನ್ಯಾದ ಸಾರಿಗೆ ಸಚಿವರಾಗಿದ್ದ ಜಾನ್ ಮಿಚುಕಿ ಅವರು 2004ರಲ್ಲಿ ಸೀಟ್ ಬೆಲ್ಟ್, ಗಂಟೆಗೆ 80 ಕಿಲೋಮೀಟರಿನ ವೇಗನಿಯಂತ್ರಕ ಮೊದಲಾದವನ್ನು ಕಡ್ಡಾಯಗೊಳಿಸಿದಾಗ ಶಿಸ್ತು ಬಂತಾದರೂ ಅದು ಬಹುಕಾಲ ಉಳಿಯಲಿಲ್ಲ. ದಿನದ ಮೊತ್ತದ ಪದ್ಧತಿಯನ್ನು ಆ ನಿಯಮಗಳು ಮುಟ್ಟದೇ ಹೋದದ್ದು ಇದಕ್ಕೆ ದೊಡ್ಡ ಕಾರಣವೆಂಬುದು ನನ್ನ ಎಣಿಕೆ.

ಹೊರಗಿನವರು ಸೇರಿ ಸಫಲವಾದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ನೈರೋಬಿ ವಿಶ್ವವಿದ್ಯಾಲಯದವರು ಅಮೆರಿಕದ ಎಂಐಟಿ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ತಂಡಗಳೊಡನೆ ಕೂಡಿ 'ಡಿಜಿಟಲ್ ಮಟಾಟುಸ್' ಎಂಬ ಯೋಜನೆಯನ್ನು ನಡೆಸಿದರು. ನೈರೋಬಿಯ ವಿದ್ಯಾರ್ಥಿಗಳು ಜಿಪಿಎಸ್ ಇರುವ ಮೊಬೈಲ್ ಹಿಡಿದು ಮಟಾಟುಗಳಲ್ಲಿ ಕುಳಿತು, ಗಾಡಿ ನಿಂತಲ್ಲೆಲ್ಲ ಗುರುತು ಹಾಕುತ್ತಾ ಊರಿಡೀ ಸುತ್ತಿದರು. ಬೋರ್ಡಾಗಲಿ ತಂಗುದಾಣವಾಗಲಿ ಇಲ್ಲದೆ, ಒಂದು ಪೆಟ್ರೋಲ್ ಬಂಕಿನ ಅಥವಾ ಮರದ ಹೆಸರಿನಿಂದಷ್ಟೇ ಜನರಿಗೆ ಗೊತ್ತಿರುವ ನಿಲುಗಡೆಗಳೂ ದಾಖಲಾಗಬೇಕಿತ್ತು. ನೂರ ಮೂವತ್ತಕ್ಕೂ ಹೆಚ್ಚು ಮಾರ್ಗಗಳ ನಕ್ಷೆ 2014ರಲ್ಲಿ ಹೊರಬಂತು, ಮರುವರ್ಷ ಗೂಗಲ್ ಮ್ಯಾಪ್ಸ್‌ನಲ್ಲೂ ಆ ಮಾಹಿತಿ ಸೇರಿತು. ವೇಳಾಪಟ್ಟಿಯಿರುವ ನಗರಗಳಿಗೆಂದು ರೂಪುಗೊಂಡ ದತ್ತಾಂಶ ಮಾದರಿಯನ್ನು ವೇಳಾಪಟ್ಟಿಯೇ ಇಲ್ಲದ ಸೇವೆಗೆ ಒಗ್ಗಿಸುವಂಥ ಕೆಲಸದಲ್ಲಿ ಹೊರಗಿನ ಪರಿಣತಿ ನೆರವಾಯಿತು; ಮಾರ್ಗಗಳ ಜ್ಞಾನವಂತೂ ಪೂರ್ತಿಯಾಗಿ ಊರಿನವರದು.

ಕಾಮಗಾರಿಯಷ್ಟರಿಂದಲೇ ಏನಾಗುತ್ತದೆಂದು ತಿಳಿಯಲು ದಾರ್ ಎಸ್ ಸಲಾಂ ನೋಡಬೇಕು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕಟ್ಟಿದ ಸುಮಾರು 21 ಕಿಲೋಮೀಟರಿನ ಬಿಆರ್‌ಟಿ (ಬಸ್ಸುಗಳಿಗೆಂದೇ ಮೀಸಲಾದ ತ್ವರಿತ ಸಾರಿಗೆ) ಮಾರ್ಗ 2016ರ ಮೇ ತಿಂಗಳಲ್ಲಿ ಆರಂಭವಾಗಿ, ಹೊರವಲಯದ ಕಿಮಾರಾದಿಂದ ನಗರಕೇಂದ್ರದ ಕಿವುಕೋನಿಗೆ ಹೋಗುವವರ ಸಮಯವನ್ನು ಬಹಳವಾಗಿ ಉಳಿಸಿತು. ನಮ್ಮ ಹುಬ್ಬಳ್ಳಿ–ಧಾರವಾಡದ 'ಚಿಗರಿ' ಬಸ್ಸುಗಳ ಮಾರ್ಗವೂ ಹೆಚ್ಚುಕಡಿಮೆ ಅಷ್ಟೇ ಉದ್ದವಿರುವುದರಿಂದ ಹೋಲಿಸಿ ನೋಡಲು ಸುಲಭ. ಆದರೆ ಬಸ್ ಡಿಪೋ ಇದ್ದದ್ದು ಮ್ಸಿಂಬಾಜಿ ನದಿಯ ತಗ್ಗಿನಲ್ಲಿರುವ ಜಂಗ್ವಾನಿಯಲ್ಲಿ. ಜೋರು ಮಳೆಯಾದಾಗಲೆಲ್ಲ ನೀರು ನುಗ್ಗಿ ಬಸ್ಸುಗಳು ಕೆಟ್ಟವು, ಸಂಚಾರ ನಿಂತಿತು. ರಸ್ತೆ ಸಿದ್ಧವಾದ ಮೇಲೂ ಸಾಕಷ್ಟು ಬಸ್ಸುಗಳಿಲ್ಲದ ದೂರು ವರ್ಷಗಟ್ಟಲೆ ಉಳಿಯಿತು. ಊರಿನ ಉಳಿದ ಬಹುಪಾಲು ಭಾಗಗಳಲ್ಲಿ ಡಾಲಾಡಾಲಾ ಎಂಬ ಮಿನಿಬಸ್ಸುಗಳೇ ಗತಿ. ಅವುಗಳಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ದರವಿರುವುದರಿಂದ, ಸಮವಸ್ತ್ರದ ಮಕ್ಕಳು ಬಾಗಿಲ ಬಳಿ ಬಂದರೆ ನಿರ್ವಾಹಕ ಕೈ ಅಡ್ಡ ಹಿಡಿದು ದೊಡ್ಡವರನ್ನಷ್ಟೇ ಒಳಗೆ ಬಿಡುವ ದೃಶ್ಯ ಬೆಳಗಿನ ಹೊತ್ತು ಸಾಮಾನ್ಯ. ಆ ರಿಯಾಯಿತಿಯ ಹೊರೆಯನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಕಾಂಕ್ರೀಟಿನಲ್ಲಿ ಉತ್ತರವಿಲ್ಲ.

ಇನ್ನು ಸ್ವಯಂಸೇವೆಯ ವಿಚಾರ. ನಿಮ್ಮಿಂದಲೇ ಶುಲ್ಕ ಪಡೆದು ಕೆಲವು ವಾರಗಳ ಮಟ್ಟಿಗೆ ಕರೆದೊಯ್ಯುವ ಯೋಜನೆಗಳನ್ನು ನಾನು ಸಲಹೆ ಮಾಡುವುದಿಲ್ಲ. ಅಷ್ಟರಲ್ಲಿ ಮಾರ್ಗಗಳ ಹೆಸರೂ ಬಾಯಿಗೆ ಬರುವುದಿಲ್ಲ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದಲ್ಲಿ ಜೀವನಭತ್ಯೆ ಇರುತ್ತದೆ. ನಗರಗಳ ಅಭಿವೃದ್ಧಿಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗವಾದ ಯುಎನ್-ಹ್ಯಾಬಿಟಾಟ್‌ನ ಕೇಂದ್ರ ಕಚೇರಿ ನೈರೋಬಿಯಲ್ಲೇ ಇದೆ. ಟೆಂಡರ್ ಮೂಲಕ ಯೋಜನೆ ಪಡೆಯುವ ಸಲಹಾ ಕಂಪನಿಗಳೂ ಎಂಜಿನಿಯರುಗಳನ್ನು ನೇಮಿಸಿಕೊಳ್ಳುತ್ತವೆ. ಹೊರಡುವ ಮೊದಲು ಪ್ರಯಾಣಿಕರ ಸಮೀಕ್ಷೆ, ವೇಳಾಪಟ್ಟಿ ರಚನೆ, ಕಿಲೋಮೀಟರುವಾರು ವೆಚ್ಚದ ಲೆಕ್ಕ ಇವುಗಳನ್ನು ನಮ್ಮದೇ ಸಾರಿಗೆ ನಿಗಮವೊಂದರ ಡಿಪೋದಲ್ಲಿ ಅವಕಾಶ ಕೇಳಿಕೊಂಡು ಕಲಿಯಿರಿ. ಅಲ್ಲಿನ ಸ್ವಾಹಿಲಿ ಭಾಷೆಯನ್ನು ಬಸ್ಸಿನಲ್ಲಿ ಮಾತಾಡುವಷ್ಟಾದರೂ ರೂಢಿಸಿಕೊಳ್ಳಿ. ಸಂದರ್ಶನದಲ್ಲಿ, ಆ ನಗರದ ಯಾವ ಇಲಾಖೆ ಈ ಕೆಲಸವನ್ನು ಕೇಳಿದೆ, ನೀವು ಸಂಗ್ರಹಿಸುವ ಮಾಹಿತಿ ಕೊನೆಗೆ ಯಾರ ಬಳಿ ಉಳಿಯುತ್ತದೆ, ಜೊತೆಗೆ ದುಡಿಯುವ ಸ್ಥಳೀಯ ಎಂಜಿನಿಯರ್ ಯಾರು ಎಂದು ವಿಚಾರಿಸಿ. ಸ್ಪಷ್ಟ ಉತ್ತರ ಸಿಗದಿದ್ದರೆ ಆ ಹುದ್ದೆಯನ್ನು ಬಿಟ್ಟು ಇನ್ನೊಂದಕ್ಕೆ ಅರ್ಜಿ ಹಾಕುವುದು ಲೇಸು.