ಚಿಕ್ಕವೀರರಾಜೇಂದ್ರ ನಿಜಕ್ಕೂ ಅಷ್ಟು ಕೆಟ್ಟವನಾಗಿದ್ದನಾ?

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ನಿಜವಾಗಿ ಕ್ರೂರಿಯೋ, ಇಲ್ಲಾ ರಾಜ್ಯ ನುಂಗೋದಕ್ಕೆ ಇಂಗ್ಲಿಷರು ಕಟ್ಟಿದ ಕಥೆಯೋ ಅಂತ ಕೇಳಿದ್ದೀರಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ರೂರಿ ಹೌದು. ಆದರೆ ಅವನ ರಾಜ್ಯ ಹೋದದ್ದು ಆ ಕಾರಣಕ್ಕಲ್ಲ.

ನಾನು ಇತಿಹಾಸದ ಮೇಷ್ಟ್ರಲ್ಲ. ಅಜ್ಜಿ ಮನೆ ಸುಳ್ಯದ ಕಡೆ. ಹಾಗಾಗಿ ಚಿಕ್ಕಂದಿನಿಂದ ಈ ಕಥೆಯ ಚೂರುಪಾರು ಕಿವಿಗೆ ಬಿದ್ದಿತ್ತು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ಹಿಡಿಯಿತು, ಅಷ್ಟೇ.

ನಮ್ಮಲ್ಲಿ ಬಹಳ ಜನಕ್ಕೆ ಈ ರಾಜನ ಪರಿಚಯ ಆಗಿದ್ದು ಮಾಸ್ತಿಯವರ ಕಾದಂಬರಿಯಿಂದ. 1956ರಲ್ಲಿ ಬಂದ ಪುಸ್ತಕ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ ಎಲ್ಲರ ಬಾಯಲ್ಲೂ ಇದರದ್ದೇ ಹೆಸರು. ಓದಿದವರಿಗೆ ರಾಜನಿಗಿಂತ ಅವನ ಬಂಟ ಕುಂಟ ಬಸವನೇ ಜಾಸ್ತಿ ನೆನಪಿರುತ್ತಾನೆ. ಎಷ್ಟು ಒಳ್ಳೆಯದಾದರೂ ಅದು ಕಾದಂಬರಿ. ಅದನ್ನು ಸಾಕ್ಷಿಕಟ್ಟೆಗೆ ತರೋದು ಬೇಡ.

ಹಾಗಾದರೆ ಸಾಕ್ಷಿ ಯಾವುದು? ಕುಮಾರವ್ಯಾಸ ಸಭಾಪರ್ವದಲ್ಲಿ ನಾರದನ ಬಾಯಿಂದ ಒಂದು ಮಾತು ಕೇಳಿಸುತ್ತಾನೆ. ಅರಸ ರಾಕ್ಷಸ, ಮಂತ್ರಿ ಹುಲಿ, ಪರಿವಾರ ಹದ್ದು ಆದರೆ ಬಡವರ ಅಹವಾಲು ಕೇಳುವವರು ಯಾರು ಅಂತ. ಅಲ್ಲಿ ಜನ ದಂಗೆ ಏಳುವುದಿಲ್ಲ, ನೋಡಿ. ಇನ್ನು ಇಲ್ಲಿ ಇರೋದಕ್ಕೆ ಆಗಲ್ಲ ಅನ್ನುತ್ತಾರೆ. ನಾನು ಇದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಆಸ್ಥಾನದವರು ಹೊಗಳಿ ಬರೆದದ್ದು, ಗೆದ್ದವರು ಬೈದು ಬರೆದದ್ದು ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ. ಜನರ ಕಾಲು ಯಾವ ಕಡೆ ಓಡಿತು ಅಂತ ನೋಡಿ.

1820ರಲ್ಲಿ ಅಪ್ಪ ಲಿಂಗರಾಜೇಂದ್ರ ತೀರಿಕೊಂಡು ಚಿಕ್ಕವೀರ ಪಟ್ಟಕ್ಕೆ ಬಂದ. 1832ರಲ್ಲಿ ಅವನ ತಂಗಿ ದೇವಮ್ಮಾಜಿ, ಗಂಡ ಚೆನ್ನಬಸವನ ಜೊತೆ ಗಡಿ ದಾಟಿ ಮೈಸೂರಿನಲ್ಲಿದ್ದ ಇಂಗ್ಲಿಷ್ ರೆಸಿಡೆಂಟನ, ಅಂದರೆ ಕಂಪನಿ ಸರ್ಕಾರದ ಪ್ರತಿನಿಧಿಯ, ಆಶ್ರಯಕ್ಕೆ ಓಡಿದಳು. ಪಟ್ಟಕ್ಕೆ ಹಕ್ಕು ಹೇಳಬಹುದಾದ ನೆಂಟರನ್ನೆಲ್ಲ ರಾಜ ಮುಗಿಸುತ್ತಿದ್ದಾನೆ ಅನ್ನೋ ಭಯ ಅರಮನೆ ಒಳಗೇ ಇತ್ತು. ಒಡಹುಟ್ಟಿದವಳೇ ಜೀವ ಉಳಿಸಿಕೊಳ್ಳೋಕೆ ಓಡಬೇಕಾದರೆ ಅದನ್ನು ಪೂರ್ತಿ ಕಟ್ಟುಕಥೆ ಅನ್ನೋದು ನನಗೆ ಕಷ್ಟ. ಅವರನ್ನು ವಾಪಸ್ ಕೊಡಿ ಅಂತ ರಾಜ ಹಟ ಹಿಡಿದ. ಮಾತುಕತೆಗೆ ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ದೂತ ಕರುಣಾಕರ ಮೆನನ್‌ನನ್ನು ಹಿಡಿದಿಟ್ಟುಕೊಂಡ. 1834ರ ಏಪ್ರಿಲ್‌ನಲ್ಲಿ ನಾಲ್ಕು ಕಡೆಯಿಂದ ಸೈನ್ಯ ನುಗ್ಗಿತು. ಕೆಲವು ಕಡೆ ಕೊಡಗಿನವರು ಚೆನ್ನಾಗಿಯೇ ಹೊಡೆದರು, ಉತ್ತರದಿಂದ ಬಂದ ತುಕಡಿಯನ್ನು ಹಿಮ್ಮೆಟ್ಟಿಸಿದರು. ಆದರೆ ದಿವಾನರು ಕಂಪನಿ ಕಡೆ ವಾಲಿದ್ದರು. ರಾಜ ನಾಲ್ಕುನಾಡಿನ ಅರಮನೆ ಸೇರಿಕೊಂಡ, ಕೊನೆಗೆ ಶರಣಾದ. ಕುಂಟ ಬಸವ ಹೆಣವಾಗಿ ಸಿಕ್ಕ.

ಮೇ 7ಕ್ಕೆ ಕರ್ನಲ್ ಫ್ರೇಸರ್ ಜಾಹೀರುನಾಮೆ ಹೊರಡಿಸಿದ. ಕೊಡಗಿನ ಜನರೆಲ್ಲ ಒಕ್ಕೊರಲಿನಿಂದ ಕಂಪನಿ ಆಡಳಿತ ಬೇಕು ಅಂದಿದ್ದಾರೆ, ಅದಕ್ಕೇ ಈ ಸೀಮೆ ಕಂಪನಿಗೆ ಸೇರಿತು ಅಂತ. ಒಕ್ಕೊರಲಿನಿಂದ! ಆ ಒಂದು ಪದ ಓದಿದಾಗಲೇ ನನಗೆ ಅನುಮಾನ ಶುರುವಾಗಿದ್ದು.

ಯಾಕಂದರೆ ಇದೇ ಕಂಪನಿ ಇದಕ್ಕೂ ಹಿಂದೆ ಇನ್ನೊಬ್ಬ ಕ್ರೂರಿಯ ಜೊತೆ ಚೆನ್ನಾಗಿಯೇ ಸಂಸಾರ ಮಾಡಿತ್ತು. ಚಿಕ್ಕವೀರನ ದೊಡ್ಡಪ್ಪ ದೊಡ್ಡವೀರರಾಜೇಂದ್ರ, 1809ರಲ್ಲಿ ಸತ್ತವನು. ಟಿಪ್ಪು ಸೆರೆಯಲ್ಲಿಟ್ಟಿದ್ದ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ರಾಜ್ಯ ಮತ್ತೆ ಕಟ್ಟಿದ ಶೂರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಯ ವರ್ಷಗಳಲ್ಲಿ ಅವನಿಗೆ ಎಲ್ಲರ ಮೇಲೂ ಅನುಮಾನ. ಸಿಟ್ಟಿನ ಭರದಲ್ಲಿ ಕೊಲ್ಲಿಸಿ, ಸಿಟ್ಟು ಇಳಿದ ಮೇಲೆ ಗೋಳಾಡುತ್ತಿದ್ದ ಅನ್ನೋ ಕಥೆಗಳಿವೆ. ಆಗ ಕಂಪನಿಗೆ ಪ್ರಜೆಗಳ ಗೋಳು ಕೇಳಿಸಲಿಲ್ಲ. ಟಿಪ್ಪು ವಿರುದ್ಧದ ಯುದ್ಧಗಳಲ್ಲಿ ಅವರ ಸೈನ್ಯಕ್ಕೆ ಘಟ್ಟದ ದಾರಿ ಬಿಟ್ಟು, ಅಕ್ಕಿ ಒದಗಿಸಿದವನು ಅವನು. ಚಿಕ್ಕವೀರನ ಕಾಲಕ್ಕೆ ಟಿಪ್ಪು ಇರಲಿಲ್ಲ. ಕೊಡಗಿನ ರಾಜನ ಸ್ನೇಹವೂ ಬೇಕಿರಲಿಲ್ಲ.

ಪಕ್ಕದ ಮೈಸೂರಲ್ಲೂ ಹೀಗೇ. ನಗರ ಸೀಮೆಯ ದಂಗೆ ಆದ ಮೇಲೆ 1831ರಲ್ಲಿ ದುರಾಡಳಿತ ಅಂತ ಹೇಳಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಅದು ಅರಮನೆಗೆ ವಾಪಸ್ ಬಂದದ್ದು 1881ರಲ್ಲಿ, ಐವತ್ತು ವರ್ಷ ಬಿಟ್ಟು. ಮೈಸೂರು, ಕೊಡಗು ಎರಡೂ ಕಂಪನಿ ಕೈಗೆ ಹೋದದ್ದು ಬೆಂಟಿಂಕ್ ಗವರ್ನರ್ ಜನರಲ್ ಆಗಿದ್ದಾಗಲೇ.

ಇನ್ನು ಬರೆದವರ ವಿಷಯ. ದೊಡ್ಡವೀರ ಜಾಣ. ತನ್ನ ವಂಶದ ಚರಿತ್ರೆಯನ್ನು ತಾನೇ ಬರೆಸಿದ, ಅದೇ 'ರಾಜೇಂದ್ರನಾಮೆ'. 1633ರಿಂದ 1807ರವರೆಗಿನ ಕಥೆ. ಚಿಕ್ಕವೀರನ ಕಾಲದ ಕಥೆಯನ್ನು ಬರೆದದ್ದು ಅವನ ರಾಜ್ಯ ಹೋದ ಮೇಲೆ, ಬೇರೆಯವರು. ಅದರಲ್ಲಿ ಮುಖ್ಯವಾದವನು ಹರ್ಮನ್ ಮೋಗ್ಲಿಂಗ್. ಹೌದು, 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ತಂದ ನಮ್ಮ ಮೋಗ್ಲಿಂಗೇ. ಕನ್ನಡಕ್ಕೆ ಅವನಿಂದ ದೊಡ್ಡ ಉಪಕಾರವಾಗಿದೆ. ಆದರೂ ಅವನು ಮಿಷನರಿ. ಕಂಪನಿ ಬಂದದ್ದು ದೇವರ ದಯೆ ಅನ್ನೋ ಕಣ್ಣಿಂದ ನೋಡಿದವನು. ಪುರಾಣದ ವೇನ ರಾಜನ ಕಥೆ ಗೊತ್ತಲ್ವಾ? ಯಜ್ಞ ನಿಲ್ಲಿಸಿದ ಅಂತ ಋಷಿಗಳೇ ಅವನನ್ನು ಕೊಂದರು. ವೇನ ಎಂಥ ದುಷ್ಟ ಅಂತ ನಮಗೆ ಹೇಳಿದವರೂ ಆ ಕಡೆಯವರೇ. ನನಗೆ ಈ ಕಥೆ ಓದಿದಾಗೆಲ್ಲ ಚಿಕ್ಕವೀರ ನೆನಪಾಗುತ್ತಾನೆ.

ಈಗ ಕಾಲಿನ ಸಾಕ್ಷಿಗೆ ವಾಪಸ್ ಬರೋಣ. ರಾಜ ಹೋದ ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯ ಸೀಮೆಯ ಜನ ಎದ್ದರು. 1834ರಲ್ಲಿ ಕಂಪನಿ ಸುಳ್ಯ, ಪುತ್ತೂರು ಕಡೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತ್ತು. ರಾಜನ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕಂಪನಿಗೆ ನಗದೇ ಬೇಕು. ಭತ್ತ ಬೆಳೆಯುವವನ ಕೈಯಲ್ಲಿ ರೊಕ್ಕ ಎಲ್ಲಿಂದ ಬರಬೇಕು? ಸಾಲ ಕೊಡುವವನ ಬಾಗಿಲಿಗೆ ಹೋಗಬೇಕು. ಇದು ಸಾಕಾಯಿತು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತರು. ಚಿಕ್ಕವೀರನದೇ ಹಾಲೇರಿ ಅರಸು ಮನೆತನದ ಕುಡಿ ಅಂತ ಕಲ್ಯಾಣಸ್ವಾಮಿಯ ಹೆಸರಲ್ಲಿ ಜನ ಸೇರಿಸಿ ಮಂಗಳೂರಿನವರೆಗೂ ಹೋಗಿ ಹಿಡಿದರು, ಕೆಲವು ದಿನ ಇಟ್ಟುಕೊಂಡರು ಕೂಡ. ಆಮೇಲೆ ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಯೋಚಿಸಿ. ಅಷ್ಟೊಂದು ಕ್ರೂರ ಮನೆತನವಾಗಿದ್ದರೆ, ತೊಲಗಿತಲ್ಲ ಅಂತ ನಿಟ್ಟುಸಿರು ಬಿಡಬೇಕಿತ್ತು. ಇವರು ಅದೇ ಮನೆಯ ಕುಡಿಯನ್ನು ಹುಡುಕಿದರು. ಹಾಗಂತ ಇದೇ ಕೊನೆಯ ಮಾತೂ ಅಲ್ಲ. ಈ ದಂಗೆ ಅಡಗಿಸೋಕೆ ಕಂಪನಿ ಜೊತೆ ನಿಂತ ಕೊಡವರು ಬಹಳ ಜನ, ಅದಕ್ಕಾಗಿ ಕಂಪನಿ ಪದಕವನ್ನೂ ಮಾಡಿಸಿ ಕೊಟ್ಟಿತು. ಅರಮನೆಗೆ ಹತ್ತಿರ ಇದ್ದವರಿಗೆ ರಾಜನ ಕತ್ತಿ ಕಾಣುತ್ತಿತ್ತು. ಘಟ್ಟದ ಕೆಳಗಿನ ರೈತನಿಗೆ ಕಂದಾಯದವನು ಕಾಣುತ್ತಿದ್ದ. ಹಾಗಾಗಿ 'ಒಕ್ಕೊರಲು' ಅನ್ನೋದು ಶುದ್ಧ ಸುಳ್ಳು. 'ಎಲ್ಲವೂ ಇಂಗ್ಲಿಷರ ಕಥೆ' ಅನ್ನೋದೂ ಅಷ್ಟೇ ಸುಳ್ಳು.

ನಮ್ಮಜ್ಜಿ ಈ ದಂಗೆಗೆ 'ಕಲ್ಯಾಣಪ್ಪನ ಕಾಟುಕಾಯಿ' ಅನ್ನುತ್ತಿದ್ದಳು. ಹಾಳು ದರೋಡೆ ಅನ್ನೋ ಧಾಟಿ. ಊರಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಈಗ ಅದು ಅಮರಸುಳ್ಯ ಸಮರ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ.

ರಾಜನ ಕಥೆ ಏನಾಯಿತು ಅಂದರೆ, ಅವನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆ. ಇವನು ಕಂಪನಿಯಲ್ಲಿ ಮನೆತನದ ದುಡ್ಡು ಇದೆ, ಕೊಡಿ ಅಂತ ಕೋರ್ಟು ಅಲೆದ. 1859ರಲ್ಲಿ ಅಲ್ಲೇ ಸತ್ತ. ಮಡಿಕೇರಿಗೆ ಹೋದರೆ ರಾಜಾಸೀಟ್ ನೋಡಿ ವಾಪಸ್ ಬರಬೇಡಿ, ಅರಸರ ಸಮಾಧಿಗಳಿರುವ ಗದ್ದಿಗೆಗೂ ಹೋಗಿ. ದೊಡ್ಡವೀರ ಅಲ್ಲಿದ್ದಾನೆ. ಲಿಂಗರಾಜೇಂದ್ರನೂ ಇದ್ದಾನೆ, ಅವನ ಗದ್ದಿಗೆ ಕಟ್ಟಿಸಿದ್ದು ಮಗ ಚಿಕ್ಕವೀರನೇ. ಆ ಮಗನ ಗೋರಿ ಮಾತ್ರ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ.