ಹಳೆಯ ವಸ್ತುಗಳ ಬೆಲೆ ಊಹಿಸುವ ಜಪಾನಿನ ಟಿವಿ ಆಟದಲ್ಲಿ ತಜ್ಞರು ಹೇಳುವ ಬೆಲೆ ನಿಜವೇ? ನಮ್ಮ ಮನೆಯ ಹಳೆಯ ಸಾಮಾನಿಗೆ ಬೆಲೆ ಕಟ್ಟುವುದು ಹೇಗೆ?

ಮುದುಕರೊಬ್ಬರು ಒಂದು ಬಟ್ಟಲು ತಂದಿಟ್ಟು, ಅದರ ಬೆಲೆ ಎಷ್ಟಿರಬಹುದೆಂದು ತಾವೇ ಬರೆದು ತೋರಿಸುತ್ತಾರೆ, ಆಮೇಲೆ ಫಲಕದ ಮೇಲೆ ತಜ್ಞರ ಬೆಲೆ ಮೂಡುತ್ತದೆ ಎಂದು ಬರೆದಿದ್ದೀರಿ. ನೀವು ನೋಡಿರುವುದು ಟಿವಿ ಟೋಕಿಯೊ ವಾಹಿನಿಯ 'ಕೈಉನ್! ನಾನ್ದೆಮೊ ಕಾಂತೇಯ್‌ದಾನ್'. ಅದೃಷ್ಟ ತೆರೆಯಲಿ, ಏನನ್ನು ತಂದರೂ ಪರೀಕ್ಷಿಸುವ ತಂಡ ಇಲ್ಲಿದೆ ಎಂಬುದು ಹೆಸರಿನ ಸ್ಥೂಲ ಅರ್ಥ. 1994ರ ಏಪ್ರಿಲ್‌ನಲ್ಲಿ ಶುರುವಾದ ಕಾರ್ಯಕ್ರಮ ಇದು. ಕೆಲಸದ ನಿಮಿತ್ತ ಆರು ವರ್ಷ ಜಪಾನಿನ ಕಾವಾಸಾಕಿ ನಗರದಲ್ಲಿದ್ದಾಗ ಮಂಗಳವಾರ ರಾತ್ರಿ ಇದನ್ನು ತಪ್ಪಿಸಿದ್ದು ಕಡಿಮೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಕೆಳಗಿನ ಮನೆಯಲ್ಲಿ ಮಾಲೀಕರಾದ ವೃದ್ಧ ದಂಪತಿ ಇದ್ದರು. ಮಂಗಳವಾರ ಊಟವಾದ ಮೇಲೆ ನನ್ನನ್ನು ಕರೆಯುತ್ತಿದ್ದರು. ಪತ್ರಿಕೆಯ ಜೊತೆ ಬರುವ ಜಾಹೀರಾತು ಹಾಳೆಗಳ ಹಿಂಬದಿಯಲ್ಲಿ ಮೂವರೂ ನಮ್ಮ ನಮ್ಮ ಊಹೆ ಬರೆದು ಮಡಚಿಡುತ್ತಿದ್ದೆವು. ಪರದೆಯ ಮೇಲೆ ವಸ್ತುವಿನ ಮುಸುಕು ತೆಗೆಯುತ್ತಾರೆ. ತಗಡಿನ ಆಟಿಕೆ, ಸಮುರಾಯ್ ಕವಚ, ಯಾರದೋ ಕೈಬರಹದ ಪತ್ರ, ಅಂಗಡಿಯ ಹಳೆಯ ಹೆಸರು ಫಲಕ, ಏನು ಬೇಕಾದರೂ ಇರಬಹುದು. ಅದು ಮನೆಗೆ ಬಂದ ಕಥೆಯನ್ನು ಹೇಳಿದ ಮೇಲೆ ತಂದವರು ತಮ್ಮ ಬೆಲೆಯನ್ನು ಎತ್ತಿ ಹಿಡಿಯಬೇಕು. ಆಮೇಲೆ ಫಲಕದ ಅಂಕಿಗಳು ಬಲತುದಿಯಿಂದ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಜೊತೆಗೆ ಎಣಿಕೆ ಕೇಳಿಸುತ್ತದೆ: ಇಚಿ, ಜೂ, ಹ್ಯಾಕು, ಸೆನ್, ಮನ್. ಒಂದನೆಯ ತರಗತಿಯಲ್ಲಿ ನಾವು ಬಿಡಿ, ಹತ್ತು, ನೂರು, ಸಾವಿರ ಎಂದು ಸ್ಥಾನಬೆಲೆ ಕೂಗುತ್ತಿದ್ದೆವಲ್ಲ, ಥೇಟ್ ಹಾಗೆಯೇ. ಬಿಡಿಯ ಸ್ಥಾನದಲ್ಲೂ ಸೊನ್ನೆ, ಹತ್ತರಲ್ಲೂ ಸೊನ್ನೆ. ಎಣಿಕೆ ಸಾವಿರದಲ್ಲೇ ನಿಂತುಬಿಟ್ಟರೆ ತಂದವರ ಮುಖ ಕಳೆಗುಂದುತ್ತದೆ. ಹತ್ತು ಸಾವಿರ ದಾಟಿ ಮುಂದಕ್ಕೆ ಓಡಿದರೆ ಸಭಿಕರು ಉಸಿರು ಬಿಗಿಹಿಡಿಯುತ್ತಾರೆ.

ಆಟದ ಜೀವವಿರುವುದು ಮೊದಲು ಬರೆಯುವ ಆ ಊಹೆಯಲ್ಲಿ. ತಜ್ಞರು ವಸ್ತುವನ್ನು ತೂಗುತ್ತಾರೆ, ತಂದವರು ಬರೆಯುವುದು ತಮ್ಮ ನಂಬಿಕೆಯನ್ನು. ತಾತ ಸಾಯುವಾಗ ಇದನ್ನು ಮಾತ್ರ ಮಾರಬೇಡಿ ಎಂದಿದ್ದರು ಎನ್ನುವವರು ಐದು ಸಾವಿರ ಯೆನ್ ಎಂದು ಬರೆಯಲಾರರು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಆ ಬೆಲೆ ನಿಜವೇ? ಅದು ಬಲ್ಲವರ ಅಭಿಪ್ರಾಯ ಎಂಬ ಮಟ್ಟಿಗೆ ನಿಜ. ಆ ದುಡ್ಡು ನಾಳೆ ಕೈಗೆ ಬರುತ್ತದೆ ಎಂಬ ಅರ್ಥದಲ್ಲಿ ಅಲ್ಲ. ಹಳೆಯ ಬಳೆಯನ್ನು ಚಿನ್ನದಂಗಡಿಗೆ ಒಯ್ದರೆ ಮಜೂರಿ, ವೇಸ್ಟೇಜ್ ಎಲ್ಲ ಕಳೆದು ಕೈಗೆ ಬರುವ ಮೊತ್ತವೇ ಬೇರೆ, ಅದೇ ಬಳೆಯನ್ನು ಹೊಸದಾಗಿ ಕೊಳ್ಳಲು ತೆರಬೇಕಾದ ಮೊತ್ತವೇ ಬೇರೆ. ಪುರಾತನ ವಸ್ತುವಿನಲ್ಲಿ ಈ ಅಂತರ ಇನ್ನೂ ದೊಡ್ಡದು. ವ್ಯಾಪಾರಿ ಕೊಳ್ಳುವ ಬೆಲೆ, ಅವನು ಮಾರುವ ಬೆಲೆ, ಹರಾಜಿನಲ್ಲಿ ಇಬ್ಬರು ಹಟಕ್ಕೆ ಬಿದ್ದಾಗ ಏರುವ ಬೆಲೆ, ವಿಮೆಗಾಗಿ ಬರೆಸುವ ಬೆಲೆ, ಒಂದೇ ಬಟ್ಟಲಿಗೆ ಈ ನಾಲ್ಕೂ ಇರುತ್ತವೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ತಜ್ಞರು ಬೆಲೆ ಕಟ್ಟುವುದು ವಸ್ತುವಿಗೆ ಮಾತ್ರವಲ್ಲ, ಅದರ ಜೊತೆ ಉಳಿದುಬಂದ ಪುರಾವೆಗೂ. ಇದು ನನಗೆ ಅರ್ಥವಾದದ್ದು ಮರದ ಪೆಟ್ಟಿಗೆಗಳಿಂದ. ಜಪಾನಿನಲ್ಲಿ ಒಳ್ಳೆಯ ಮಡಕೆ, ಬಟ್ಟಲುಗಳು ತಮ್ಮದೇ ಪೆಟ್ಟಿಗೆಯಲ್ಲಿರುತ್ತವೆ. ಮಾಡಿದವನೇ ಹೆಸರು ಬರೆದು ಮುದ್ರೆಯೊತ್ತಿದ ಪೆಟ್ಟಿಗೆಗೆ ತೊಮೊಬಾಕೊ ಎನ್ನುತ್ತಾರೆ. ತಜ್ಞರು ಬಟ್ಟಲನ್ನು ಎತ್ತಿ ತಳ ನೋಡಿದಷ್ಟೇ ಶ್ರದ್ಧೆಯಿಂದ ಪೆಟ್ಟಿಗೆಯ ಮುಚ್ಚಳವನ್ನೂ ನೋಡುತ್ತಾರೆ. ಮೊದಮೊದಲು ನಾನು ಮುಚ್ಚಳದ ದೃಶ್ಯ ಬಂದಾಗ ಚಹಾ ಹೀರುತ್ತ ಕುಳಿತಿರುತ್ತಿದ್ದೆ. ಮನೆಯ ಮಾಲೀಕರು ಮಾತ್ರ ಅದೇ ಹೊತ್ತಿಗೆ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗುತ್ತಿದ್ದರು. ಊಹೆಯಲ್ಲಿ ಅವರು ನನಗಿಂತ ಸದಾ ಹತ್ತಿರವಿರುತ್ತಿದ್ದುದು ಅದಕ್ಕೇ.

ಪುರಾವೆ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಈ ಕಾರ್ಯಕ್ರಮದಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. 2016ರ ಡಿಸೆಂಬರ್‌ನಲ್ಲಿ ತೊಕುಶಿಮಾದವರೊಬ್ಬರು ಕಪ್ಪು ಮೆರುಗಿನ ಚಹಾ ಬಟ್ಟಲೊಂದನ್ನು ತಂದರು. ಅದು 'ಯೋಹೆನ್ ತೆನ್ಮೊಕು' ಎಂದು ತೀರ್ಮಾನವಾಯಿತು. ದಕ್ಷಿಣ ಸಾಂಗ್ ವಂಶದ ಕಾಲದಲ್ಲಿ, ಅಂದರೆ 12-13ನೆಯ ಶತಮಾನದಲ್ಲಿ, ಚೀನಾದ ಫುಜಿಯಾನ್ ಪ್ರಾಂತ್ಯದ ಜಿಯಾನ್ ಕುಲುಮೆಗಳಲ್ಲಿ ಬೆಂದ ಬಟ್ಟಲುಗಳಲ್ಲಿ ಎಲ್ಲೋ ಒಂದೆರಡರ ಒಳಮೈಯಲ್ಲಿ ನಕ್ಷತ್ರಗಳಂತಹ ಚುಕ್ಕೆಗಳೂ ಅವುಗಳ ಸುತ್ತ ಬೆಳಕಿಗೆ ತಕ್ಕಂತೆ ಬದಲಾಗುವ ನೀಲಿ ಪ್ರಭೆಯೂ ಮೂಡುತ್ತಿತ್ತು. ಇವೇ ಯೋಹೆನ್ ತೆನ್ಮೊಕು. ಹಾಗೆಂದು ಎಲ್ಲರೂ ಒಪ್ಪಿರುವ ಬಟ್ಟಲುಗಳು ಜಗತ್ತಿನಲ್ಲಿ ಮೂರೇ. ಮೂರೂ ಜಪಾನಿನಲ್ಲಿವೆ, ಮೂರೂ ರಾಷ್ಟ್ರೀಯ ನಿಧಿಗಳು: ಒಂದು ಟೋಕಿಯೊದ ಸೇಯ್‌ಕಾದೊ ಸಂಗ್ರಹದಲ್ಲಿ, ಒಂದು ಒಸಾಕಾದ ಫುಜಿತಾ ವಸ್ತುಸಂಗ್ರಹಾಲಯದಲ್ಲಿ, ಇನ್ನೊಂದು ಕ್ಯೋಟೊದ ದೈತೊಕುಜಿ ಮಠಕ್ಕೆ ಸೇರಿದ ರ‍್ಯೋಕೋಯಿನ್ ದೇವಾಲಯದಲ್ಲಿ. ನಾಲ್ಕನೆಯದು ಸಿಕ್ಕಿತು ಎಂದರೆ ಸಣ್ಣ ಸುದ್ದಿಯಲ್ಲ.

ಬೆಲೆ ಕಟ್ಟಿದವರು ಮಡಕೆ-ಪಿಂಗಾಣಿಯ ತಜ್ಞ ನಾಕಾಜಿಮಾ ಸೇಯ್‌ನೊಸುಕೆ. 'ಒಳ್ಳೆಯ ಕೆಲಸ ಮಾಡಿದ್ದಾರೆ ನೋಡಿ' ಎಂಬ ಅರ್ಥದ ಅವರ ಮಾತು ಜಪಾನಿನಲ್ಲಿ ಮನೆಮಾತು. ಫಲಕದಲ್ಲಿ ಮೂಡಿದ್ದು 2 ಕೋಟಿ 50 ಲಕ್ಷ ಯೆನ್, ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ಕೋಟಿ ರೂಪಾಯಿ. ಸೆತೊ ಊರಿನ ಕುಂಬಾರ ಕಲಾವಿದ ನಾಗಾಎ ಸೋಕಿಚಿ ಇದನ್ನು ಒಪ್ಪಲಿಲ್ಲ. ತಂದೆಯ ಕಾಲದಿಂದಲೂ ಆ ನೀಲಿ ಪ್ರಭೆಯನ್ನು ಮತ್ತೆ ಮೂಡಿಸಲು ಕುಲುಮೆಯ ಮುಂದೆ ಕಾದ ಮನೆತನ ಅವರದು. ಇದು ಈಚಿನ ನಕಲು ಎಂದು ಅವರು ಬಹಿರಂಗವಾಗಿ ಹೇಳಿದರು. ನಾರಾ ವಿಶ್ವವಿದ್ಯಾಲಯದಲ್ಲಿ ಎಕ್ಸ್-ಕಿರಣದಿಂದ ಪರೀಕ್ಷಿಸಿದಾಗ ಇಂದಿನ ಕಾಲದ ಬಣ್ಣದ ರಾಸಾಯನಿಕಗಳು ಕಾಣಿಸಲಿಲ್ಲ. ಆದರೆ ಮೆರುಗಿನಲ್ಲಿ ಏನಿದೆ ಎಂದು ಹೇಳುವ ಪರೀಕ್ಷೆ ಅದು, ಬಟ್ಟಲು ಯಾವ ಶತಮಾನದ್ದು ಎಂದು ಹೇಳುವುದಲ್ಲ.

ಇಲ್ಲಿ ನನ್ನದೊಂದು ಲೆಕ್ಕವಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಜಿಯಾನ್ ಕುಲುಮೆಯದೇ ಇನ್ನೊಂದು ಬಟ್ಟಲು 1 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಅದು ಯೋಹೆನ್ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ಎಣ್ಣೆಯ ಹನಿಯಂತಹ ಚುಕ್ಕೆಗಳ ಬಗೆ. ಆದರೆ ಅದು ಕುರೊದಾ ಎಂಬ ಸಾಮಂತ ಮನೆತನದಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ದಾಖಲೆಯಿತ್ತು. ಹಾಗಾದರೆ ಅದಕ್ಕಿಂತ ಮೇಲಿನ ಬಗೆಯ, ಜಗತ್ತಿನ ನಾಲ್ಕನೆಯ ಬಟ್ಟಲಿಗೆ ಯೆನ್ ಲೆಕ್ಕದಲ್ಲಿ ಅದರ ಸುಮಾರು ಐವತ್ತನೆಯ ಒಂದು ಭಾಗದಷ್ಟೇ ಬೆಲೆಯೇಕೆ? ಪುರಾವೆ ಸಾಲದು ಎಂಬ ಅಳುಕು ಆ 2 ಕೋಟಿ 50 ಲಕ್ಷದೊಳಗೇ ಕುಳಿತಿತ್ತು ಎಂಬುದು ನನ್ನ ಅಭಿಪ್ರಾಯ.

ಪುರಾವೆ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ವಸ್ತುವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಖಾಸಗಿ ಕೋಣೆಯಲ್ಲಿ ಸಿಕ್ಕಿದ ಖಡ್ಗವನ್ನು ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಕೊಡಲಾಯಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಅದನ್ನು ಹರಾಜಿಗಿಟ್ಟಾಗ ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡ್. ಮಾರಾಟವಾದದ್ದು 1 ಕೋಟಿ 40 ಲಕ್ಷ ಪೌಂಡಿಗೆ. ಇದು ಯಾರ ಕತ್ತಿ, ಯಾವಾಗ ಯಾರಿಗೆ ಹೋಯಿತು ಎಂಬ ಮಾತಿಗೆ ಅಲಗಿನ ಮೇಲಿನ ಬರಹವೇ ಸಾಕ್ಷಿ ಹೇಳುತ್ತಿತ್ತು. ಅಷ್ಟಿದ್ದೂ ಹರಾಜು ಸಂಸ್ಥೆಯ ಊಹೆ ಏಳು ಪಟ್ಟು ತಪ್ಪಿತು. ನಾವು ಜಾಹೀರಾತು ಹಾಳೆಯ ಹಿಂದೆ ಬರೆದ ಊಹೆಗಳು ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

ಮನೆಯ ಮಾಲೀಕರ ಬಳಿಯೂ ಒಂದು ವಸ್ತುವಿತ್ತು, ಅವರ ತಂದೆ ಬಿಟ್ಟುಹೋದ, ಗೋಡೆಗೆ ತೂಗುಹಾಕುವ ಚಿತ್ರಸುರುಳಿ. ಹಿಮ ಬಿದ್ದ ಬೆಟ್ಟ, ಕೆಳಗೊಂದು ಗುಡಿಸಲು. ಒಂದು ಮಂಗಳವಾರ ಅದನ್ನು ಹರಡಿ, ನಾವು ಮೂವರೂ ಬೆಲೆ ಬರೆದೆವು. ಅವರು ಬರೆದದ್ದು 3 ಲಕ್ಷ ಯೆನ್. ಮರುವಾರ ಪರಿಚಯದ ವ್ಯಾಪಾರಿಯೊಬ್ಬರು ಭೂತಗನ್ನಡಿ ಹಿಡಿದು ನಮಗೂ ತೋರಿಸಿದರು. ಕುಂಚದ ಗೆರೆಯ ಬದಲು ಅಚ್ಚಿನ ಸಣ್ಣ ಸಣ್ಣ ಚುಕ್ಕೆಗಳು. ಅದು ಮುದ್ರಿತ ಪ್ರತಿ. ಮಾಲೀಕರು ಏನೂ ಹೇಳದೆ ಸುರುಳಿ ಸುತ್ತಿಕೊಂಡರು. ಹೊಸವರ್ಷಕ್ಕೆ ಹೋದಾಗ ಅದು ಎಂದಿನ ಗೋಡೆಯ ಮೇಲೆಯೇ ಇತ್ತು.

ಈಗ ನಿಮ್ಮ ಮನೆಯ ವಿಷಯ. ಹಿತ್ತಾಳೆಯ ದೀಪದ ಕಂಬ, ಒಂದು ಕಟ್ಟು ತಾಳೆಗರಿ, ಕೆಲವು ಹಳೆಯ ನಾಣ್ಯಗಳಿವೆ ಎಂದಿದ್ದೀರಿ. ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ, ನೀವು ಮಾಡಬೇಡಿ. ಸಾಗರದ ನಮ್ಮ ಮನೆಯಲ್ಲಿ ಅಜ್ಜ ಹೈದರಾಬಾದಿನಿಂದ ತಂದಿದ್ದ ಬಿದರಿ ಕೆಲಸದ ಎಲೆಯಡಿಕೆ ಡಬ್ಬಿಯಿತ್ತು. ದೀಪಾವಳಿಗೆ ಮನೆ ತೊಳೆಯುವಾಗ ಹಿತ್ತಾಳೆ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ. ಬಿದರಿಯ ಕಪ್ಪು ಎಂದರೆ ಕೊಳೆಯಲ್ಲ. ಸತು-ತಾಮ್ರದ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣನ್ನೂ ನವಸಾಗರ ಎಂಬ ಲವಣವನ್ನೂ ಬೆರೆಸಿ ಹಚ್ಚಿ ಬರಿಸಿದ ಬಣ್ಣ ಅದು. ಬೆಳ್ಳಿಯ ಬಳ್ಳಿ ಎದ್ದು ಕಾಣುವುದೇ ಅದರಿಂದ. ನನ್ನ ಕೈಯಲ್ಲಿ ಡಬ್ಬಿ ಬೂದು ಬಣ್ಣಕ್ಕೆ ತಿರುಗಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಅಜ್ಜನ ಲೆಕ್ಕದ ಕಡತಗಳನ್ನು, ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಕಪ್ಪು ಮಡಿಕೆಗಳನ್ನು, ಇಲಿ ಕಡಿದಿವೆ ಎಂದು ಅದೇ ವರ್ಷ ಒಲೆಗೆ ಹಾಕಿದ್ದೆವು. ಡಬ್ಬಿಯನ್ನು ಯಾವ ವರ್ಷ, ಎಷ್ಟಕ್ಕೆ ಕೊಂಡರೆಂದು ಬರೆದಿದ್ದರೆ ಅದರಲ್ಲೇ ಬರೆದಿರಬೇಕು. ನಮ್ಮ ತೊಮೊಬಾಕೊವನ್ನು ನಾವೇ ಸುಟ್ಟೆವು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ದೀಪದ ಕಂಬವನ್ನು ತಿಕ್ಕಬೇಡಿ. ಹಾಗೆಯೇ ಹಗಲು ಬೆಳಕಿನಲ್ಲಿಟ್ಟು ತಳ, ಬೆಸುಗೆ, ಸವೆದ ಜಾಗ, ಅಕ್ಷರವೇನಾದರೂ ಇದ್ದರೆ ಅದು, ಎಲ್ಲದರ ಚಿತ್ರ ತೆಗೆಯಿರಿ. ಎತ್ತರ ಅಳೆಯಿರಿ, ತೂಗಿ ನೋಡಿ. ತಾಳೆಗರಿಗೆ ಎಣ್ಣೆ ಹಚ್ಚುವುದು, ಅಂಟಿಕೊಂಡ ಗರಿಗಳನ್ನು ಎಬ್ಬಿಸುವುದು ಬೇಡ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಅಲ್ಲಿಯೇ. ಅದುವರೆಗೆ ಅದು ಯಾರೋ ತಂದುಕೊಟ್ಟ ಗರಿಗಳ ಒಂದು ಕಟ್ಟು.

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕರಕುಶಲ ವಸ್ತುಗಳೂ ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಕೆಲವು ಬಗೆಯವನ್ನು ಮನೆಯಲ್ಲಿಟ್ಟುಕೊಳ್ಳಲು ನೋಂದಣಿ ಬೇಕು. ಪರವಾನಗಿ ಇಲ್ಲದವರು ಪ್ರಾಚ್ಯವಸ್ತುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಒಯ್ಯುವಂತೆಯೇ ಇಲ್ಲ.

ನಾಣ್ಯಗಳ ವಿಷಯದಲ್ಲಿ ನನಗೆ ನಿಜವಾಗಿಯೂ ಭಯವಿದೆ. ರಾಮನ ಪಟ್ಟಾಭಿಷೇಕವಿರುವ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಂಪನಿ ಅಂತಹ ನಾಣ್ಯ ಟಂಕಿಸಿಲ್ಲ. ಅಕ್ಕಿಕಾಳನ್ನು ಸೆಳೆಯುವ ತಾಮ್ರದ ಚೊಂಬು ಎಂಬ ರೈಸ್ ಪುಲ್ಲಿಂಗ್ ಮೋಸಕ್ಕೆ ಹೊಲಮನೆ ಕಳೆದುಕೊಂಡವರ ಸುದ್ದಿಯನ್ನು ನೀವೂ ಓದಿರುತ್ತೀರಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೆಯ ನೋಟು-ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರ ಬಗ್ಗೆ 2021ರಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವನು ನಿಮ್ಮಿಂದಲೇ ಹಣ ಕೇಳಿದ ಕ್ಷಣ ಫೋನ್ ಇಟ್ಟುಬಿಡಿ.

ನಿಮ್ಮ ಅಜ್ಜನ ತಂಗಿ ಇನ್ನೂ ಊರಿನಲ್ಲಿದ್ದಾರೆ ಎಂದು ಬರೆದಿದ್ದೀರಿ. ಯಾವ ತಜ್ಞರಿಗೂ ಮೊದಲು ಅವರ ಬಳಿ ಹೋಗಿ. ದೀಪದ ಕಂಬದ ಚಿತ್ರ ತೋರಿಸಿ, ಅದು ಯಾರ ಮದುವೆಗೆ ಬಂತು, ಯಾವ ಊರಿನ ಕಂಚುಗಾರರದು, ತಾಳೆಗರಿಯನ್ನು ಮನೆಯಲ್ಲಿ ಯಾರು ಓದುತ್ತಿದ್ದರು ಎಂದು ಕೇಳಿ. ಅವರ ಅನುಮತಿ ಪಡೆದು ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ತಾರೀಖು ಹಾಕಿ ಬರೆದಿಡಿ. ನಮ್ಮ ಡಬ್ಬಿಯ ಬಗ್ಗೆ ಹೇಳಬಲ್ಲವರು ಈಗ ಅಮ್ಮ ಒಬ್ಬರೇ. ಹೋದ ತಿಂಗಳು ಅವರು ಹೇಳಿದ್ದು ಎರಡು ಪುಟವಾಯಿತು. ಆ ಹಾಳೆಗಳನ್ನು ಮಡಚಿ ಡಬ್ಬಿಯೊಳಗೇ ಇಟ್ಟಿದ್ದೇನೆ.